ಅಧ್ಯಾಪಕರ ಬಿಟ್ಟಿ ಚಾಕರಿ

2025ರ ನವೆಂಬರ್ ತಿಂಗಳ ಒಂದು ಬುಧವಾರ ನಮ್ಮ ಸಂಘದ ವತಿಯಿಂದ ಕತೆಪುಸ್ತಕಗಳ ಎರಡು ಕಟ್ಟುಗಳನ್ನು ಹೊತ್ತುಕೊಂಡು ಕಾಸರಗೋಡು ಸೀಮೆಯ ಒಂದು ಕನ್ನಡ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆವು. ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದನ್ನು ನಡೆಸುತ್ತಿರುವವರಿಗೆ ತೊಂದರೆಯಾದೀತೇ ಹೊರತು, ಅದನ್ನು ಆ ಸ್ಥಿತಿಗೆ ತಂದವರಿಗೆ ಏನೂ ಆಗದು. ಹಗಲು ಹನ್ನೊಂದು ಗಂಟೆಯ ಸಮಯ. ನಾಲ್ಕು ತರಗತಿಗಳ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂಡಿಸಲಾಗಿತ್ತು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕರಿಹಲಗೆಯ ಬಳಿ ನಿಂತು ಏಳರ ಮಗ್ಗಿಯನ್ನು ಹೇಳಿಸುತ್ತಿದ್ದಳು. ಒಂದನೆಯ ತರಗತಿಯ ಪುಟ್ಟವರಿಗೆ ಏಳರ ಮಗ್ಗಿಯಿಂದ ಆಗಬೇಕಾದುದೇನೂ ಇಲ್ಲ. ಆದರೂ ಅವರೂ ಕೂಗುತ್ತಿದ್ದರು. ಕೂಗುವುದರಲ್ಲಿ ಒಂದು ಸುಖವಿದೆಯಲ್ಲವೆ!

"ಟೀಚರ್ ಎಲ್ಲಿ, ಮಗೂ?" ಎಂದು ಕೇಳಿದೆವು.

"ಓಟಿಗೆ ಹೋಗಿದ್ದಾರೆ" ಎಂದಳು.

ಒಬ್ಬ ಅಧ್ಯಾಪಿಕೆ ಮತದಾರರ ಪಟ್ಟಿಯ ಪರಿಷ್ಕರಣೆಗಾಗಿ ಮನೆಮನೆಯ ಅಂಗಳಕ್ಕೆ ಹೋಗಿದ್ದರು. ಇನ್ನೊಬ್ಬರು ಡಿಸೆಂಬರ್ 11ಕ್ಕೆ ಜಿಲ್ಲೆಯಲ್ಲಿ ನಡೆಯಲಿದ್ದ ಸ್ಥಳೀಯ ಸಂಸ್ಥೆಗಳ ಚುನಾವಣೆಯ ತರಬೇತಿಗೆ ಹೋಗಿದ್ದರು. ಮೂರನೆಯವರ ಹುದ್ದೆ ತೆರವಾಗಿಯೇ ಇತ್ತು. ಮುಖ್ಯೋಪಾಧ್ಯಾಯಿನಿಯವರು ಆಫೀಸು ಎಂದು ಕರೆಯಲ್ಪಡುವ ಮೂಲೆಯಲ್ಲಿ ಕುಳಿತು, ಮಧ್ಯಾಹ್ನದೂಟದ ಅಕ್ಕಿಯ ಲೆಕ್ಕವನ್ನು ಕಂಪ್ಯೂಟರಿಗೆ ತುಂಬಿಸುತ್ತ, ಅದು ತೆಗೆದುಕೊಳ್ಳದೆ ಮರಳಿ ಮರಳಿ ತಿರಸ್ಕರಿಸುತ್ತಿರಲು, ದೂರವಾಣಿಯಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ಅವರ ಮುಖದಲ್ಲಿದ್ದುದು ಲಜ್ಜೆ. ಲಜ್ಜೆಪಡಬೇಕಾದವರು ಅವರೇ ಎಂಬಂತೆ!

ಓಟು, ಓಟ — ಈ ಎರಡು ಮಾತುಗಳು ನಮ್ಮ ಅಧ್ಯಾಪಕರ ಪಾಲಿಗೆ ಒಂದೇ ಆಗಿವೆ. ಆ ಹುಡುಗಿ ತಿಳಿದು ಹೇಳಿದಳೋ ತಿಳಿಯದೆ ಹೇಳಿದಳೋ, ಸರಿಯಾಗಿಯೇ ಹೇಳಿದಳು.

ಅಧ್ಯಾಪಕನೆಂಬವನನ್ನು ಯಾವ ಕೆಲಸಕ್ಕಾಗಿ ನೇಮಿಸಲಾಗಿದೆ? ಈ ಪ್ರಶ್ನೆಗೆ ನಾವು ಊಹೆಯಿಂದ ಉತ್ತರ ಹೇಳಬೇಕಾದುದಿಲ್ಲ. 2009ರ ಶಿಕ್ಷಣ ಹಕ್ಕಿನ ಕಾನೂನು ಸ್ಪಷ್ಟವಾದ ಉತ್ತರವನ್ನು ಬರೆದಿಟ್ಟಿದೆ. ಅದರ 24ನೆಯ ಕಲಮು ಅಧ್ಯಾಪಕರ ಕರ್ತವ್ಯಗಳನ್ನು ಹೇಳುತ್ತದೆ: ಹೊತ್ತಿಗೆ ಸರಿಯಾಗಿ ಶಾಲೆಗೆ ಬರುವುದು, ಪಾಠಕ್ರಮವನ್ನು ನಿಯಮಿತ ಕಾಲದೊಳಗೆ ಮುಗಿಸುವುದು, ಪ್ರತಿಯೊಂದು ಮಗುವಿನ ಗ್ರಹಿಕೆಯನ್ನು ಅಳೆದು ಹಿಂದುಳಿದವರಿಗೆ ಬೇರೆಯಾಗಿ ಹೇಳಿಕೊಡುವುದು, ತಾಯಿತಂದೆಯರೊಡನೆ ಮಾತನಾಡುವುದು. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕು. ಆರರಿಂದ ಎಂಟರವರೆಗೆ 220 ದಿನ, 1000 ಗಂಟೆ. ಅಧ್ಯಾಪಕನು ವಾರಕ್ಕೆ ಕನಿಷ್ಠ 45 ಗಂಟೆ ದುಡಿಯಬೇಕು. ಆದರೆ ಗಮನಿಸಿರಿ, ಪಾಠಕ್ಕಾಗಿ ಮನೆಯಲ್ಲಿಯೋ ಶಾಲೆಯಲ್ಲಿಯೋ ಸಿದ್ಧತೆ ಮಾಡಿಕೊಳ್ಳುವ ಗಂಟೆಗಳೂ ಈ 45ರಲ್ಲಿ ಸೇರಿವೆ. ಪಾಠ ಹೇಳುವುದಕ್ಕೆ ಮೊದಲು ಓದಿಕೊಳ್ಳಬೇಕು ಎಂಬುದನ್ನು ಕಾನೂನು ಮಾಡಿದವರು ಬಲ್ಲರು. ಅದನ್ನು ಅರಿಯದವರು ಆ ಕಾನೂನನ್ನು ನಡೆಸತಕ್ಕವರು.

ಅದೇ ಕಾನೂನಿನ 27ನೆಯ ಕಲಮು ಇನ್ನೂ ನೇರವಾಗಿ ಮಾತನಾಡುತ್ತದೆ. ಯಾವ ಅಧ್ಯಾಪಕನನ್ನೂ ಶಿಕ್ಷಣಕ್ಕೆ ಸಂಬಂಧಿಸದ ಕೆಲಸಕ್ಕೆ ಹಚ್ಚಕೂಡದು. ಅಪವಾದಗಳು ಮೂರೇ ಮೂರು: ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ, ಸ್ಥಳೀಯ ಸಂಸ್ಥೆ, ವಿಧಾನಮಂಡಲ ಮತ್ತು ಸಂಸತ್ತಿನ ಚುನಾವಣೆಗಳಿಗೆ ಸಂಬಂಧಿಸಿದ ಕರ್ತವ್ಯ. ಇದರ ಮುಂದಿನ ಕಲಮು, ಎಂದರೆ 28ನೆಯದು, ಅಧ್ಯಾಪಕರು ಖಾಸಗಿ ಟ್ಯೂಶನ್ ಹೇಳಕೂಡದೆನ್ನುತ್ತದೆ. ಅಧ್ಯಾಪಕನನ್ನು ಕಟ್ಟಿಹಾಕುವ 28ನೆಯ ಕಲಮು ನಮ್ಮ ಅಧಿಕಾರಿಗಳಿಗೆ ಬಾಯಿಪಾಠ ಬರುತ್ತದೆ. ಅಧಿಕಾರಿಯನ್ನು ಕಟ್ಟಿಹಾಕುವ 27ನೆಯದು ಮಾತ್ರ, ಅದೇನೋ, ಅವರ ಪುಸ್ತಕದಲ್ಲಿ ಹುಳ ತಿಂದುಹೋದಂತಿದೆ.

"ಮೂರು ಅಪವಾದಗಳಿವೆಯಲ್ಲ, ಚುನಾವಣೆ ಅದರಲ್ಲಿದೆಯಲ್ಲ" ಎಂದು ಹೇಳುವವರಿದ್ದಾರೆ. ಇದೆ, ಇಲ್ಲವೆನ್ನುವುದಿಲ್ಲ. ಮತಗಟ್ಟೆಯಲ್ಲಿ ಕುಳಿತು ಚುನಾವಣೆ ನಡೆಸಿಕೊಡುವುದನ್ನು ನಾವು ಭಾರವೆಂದು ಎಣಿಸಿದವರಲ್ಲ. ಅಧ್ಯಾಪಕನ ಕೈಯಲ್ಲಿ ಮತಪೆಟ್ಟಿಗೆ ಸುರಕ್ಷಿತವೆಂದು ಜನ ನಂಬುತ್ತಾರಾದರೆ ಅದು ನಮ್ಮ ವೃತ್ತಿಗೆ ಸಂದ ಗೌರವ. ಆದರೆ ಮತದಾನದ ದಿನ ಒಂದು, ಎಣಿಕೆಯ ದಿನ ಒಂದು, ತರಬೇತಿಗೆ ಎರಡು — ಇಷ್ಟು ಬೇರೆ. ತಿಂಗಳುಗಟ್ಟಲೆ ಪಟ್ಟಿ ಹಿಡಿದುಕೊಂಡು ತಿರುಗುವುದು ಬೇರೆ. ಈ ವ್ಯತ್ಯಾಸವನ್ನು ಸರ್ವೋಚ್ಚ ನ್ಯಾಯಾಲಯವೇ ಮಾಡಿ ತೋರಿಸಿದೆ. ದೆಹಲಿಯ ಶಾಲೆಗಳಿಗೆ ಸಂಬಂಧಿಸಿ ಚುನಾವಣಾ ಆಯೋಗದ ವ್ಯಾಜ್ಯವೊಂದು ಅದರ ಮುಂದೆ ಬಂದಾಗ, 2007ರ ಡಿಸೆಂಬರಿನಲ್ಲಿ, ಅಧ್ಯಾಪಕರನ್ನು ಮತದಾರರ ಪಟ್ಟಿಯ ಪರಿಷ್ಕರಣೆಗೂ ಚುನಾವಣೆಯ ಕೆಲಸಕ್ಕೂ ರಜಾದಿನಗಳಲ್ಲಿ, ಪಾಠವಿಲ್ಲದ ದಿನಗಳಲ್ಲಿ ಬಳಸಿಕೊಳ್ಳಬೇಕು. ಪಾಠದ ದಿನಗಳಲ್ಲಿ ಪಾಠದ ಹೊತ್ತಿನಲ್ಲಿ ಸಾಮಾನ್ಯವಾಗಿ ಬಳಸಿಕೊಳ್ಳಬಾರದು ಎಂದು ತೀರ್ಪಿತ್ತಿತು. ಬೋಧಕೇತರ ಸಿಬ್ಬಂದಿಗೆ ಈ ನಿರ್ಬಂಧವಿಲ್ಲ. ಅನಂತರ 2010ರಲ್ಲಿ ಕೇಂದ್ರ ಸರ್ಕಾರದ ಮಾನವ ಸಂಪನ್ಮೂಲ ಮಂತ್ರಾಲಯವೂ 27ನೆಯ ಕಲಮಿಗೆ ಇದೇ ಅರ್ಥವನ್ನು ಹೇಳಿ ರಾಜ್ಯಗಳಿಗೆ ಬರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ, ಪಾಠಕ್ಕೆ ನೇರವಾಗಿ ಸಂಬಂಧಿಸದ ಕೆಲಸದಲ್ಲಿ ಅಧ್ಯಾಪಕರನ್ನು ಇನ್ನು ಮುಂದೆ ತೊಡಗಿಸುವುದಿಲ್ಲವೆಂದು ವಚನ ಕೊಟ್ಟಿತು.

ವಚನ ಕೊಟ್ಟ ಐದು ವರ್ಷಗಳ ಮೇಲೆ ಏನಾಯಿತು? 2025ರ ನವೆಂಬರ್ 4ರಂದು ಕೇರಳ, ತಮಿಳುನಾಡು, ಗೋವೆ ಮೊದಲಾದ ಹನ್ನೆರಡು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಮೊದಲಾಯಿತು. ಮನೆಮನೆಗೆ ಅರ್ಜಿ ಹಂಚುವುದು, ತುಂಬಿಸಿಕೊಳ್ಳುವುದು, ಮೊಬೈಲಿನಲ್ಲಿ ಏರಿಸುವುದು — ಎಲ್ಲವೂ ಬಿ.ಎಲ್.ಓ. ಎಂದು ಕರೆಯಲ್ಪಡುವ ಮತಗಟ್ಟೆ ಮಟ್ಟದ ಅಧಿಕಾರಿಯ ಹೆಗಲಿಗೆ ಬಿತ್ತು. 'ಅಧಿಕಾರಿ' ಎಂಬುದು ಹೆಸರಿಗೆ ಮಾತ್ರ. ಆತನು ಅಥವಾ ಆಕೆ ಅಧ್ಯಾಪಕ, ಅಂಗನವಾಡಿ ಕಾರ್ಯಕರ್ತೆ, ಕಚೇರಿಯ ಕಿರಿಯ ನೌಕರ. ಹೊರೆ ಎಷ್ಟಾಯಿತೆಂದರೆ, ಒಂದೇ ತಿಂಗಳಲ್ಲಿ, ಡಿಸೆಂಬರ್ 4ರಂದು, ಹೆಚ್ಚಿನ ಸಿಬ್ಬಂದಿಯನ್ನು ಒದಗಿಸಿ ಇವರ ಭಾರವನ್ನು ಇಳಿಸಿರೆಂದು ಸರ್ವೋಚ್ಚ ನ್ಯಾಯಾಲಯವೇ ರಾಜ್ಯಗಳಿಗೆ ಹೇಳಬೇಕಾಯಿತು.

ಗಡಿಯಾಚೆಯ ತಾಯ್ನಾಡಿನಲ್ಲಿ ಸುಖವಿದೆಯೆಂದು ಭ್ರಮಿಸಬೇಡಿರಿ. ಕರ್ನಾಟಕದಲ್ಲಿ 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಅಧ್ಯಾಪಕರನ್ನು ಹಚ್ಚಿದರು. ಕೆಲಸ ಮುಗಿಯದಿದ್ದಾಗ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಕೋ ಬೇಡವೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಅದು ಹತ್ತು ವರ್ಷಕ್ಕೊಮ್ಮೆಯ ಜನಗಣತಿಯಲ್ಲ, ವಿಪತ್ತಲ್ಲ, ಚುನಾವಣೆಯೂ ಅಲ್ಲ ಎಂದಷ್ಟೇ ಹೇಳುತ್ತೇವೆ. ಮೂರು ಬಾಗಿಲುಗಳಿರುವ ಮನೆಗೆ ನಾಲ್ಕನೆಯದನ್ನು ಗೋಡೆ ಒಡೆದು ಮಾಡಿಕೊಂಡರು.

ಕನ್ನಡದಲ್ಲಿ 'ಬಿಟ್ಟಿ' ಎಂಬ ಮಾತಿದೆ. ನಾವು ಅದನ್ನು ಈಗ ಪುಕ್ಕಟೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅದರ ಮೂಲ ಸಂಸ್ಕೃತದ 'ವಿಷ್ಟಿ'. ಅರಸನಿಗೋ ಒಡೆಯನಿಗೋ ಪ್ರಜೆ ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಬಲವಂತದ ದುಡಿಮೆಗೆ ಆ ಹೆಸರು. ದೊಡ್ಡವರು ಊರಿಗೆ ಬಂದರೆ ಅವರ ಗಂಟುಮೂಟೆ ಹೊರುವುದೂ ಬಿಟ್ಟಿಯೇ. ಸಂವಿಧಾನದ 23ನೆಯ ವಿಧಿ ಈ ಬಿಟ್ಟಿ ಬೇಗಾರಿಯನ್ನು ನಿಷೇಧಿಸಿತು. ಸಾರ್ವಜನಿಕ ಉದ್ದೇಶಕ್ಕಾಗಿ ರಾಜ್ಯವು ಕಡ್ಡಾಯ ಸೇವೆಯನ್ನು ವಿಧಿಸಬಹುದೆಂಬ ಅವಕಾಶವನ್ನೂ ಅದೇ ವಿಧಿಯಲ್ಲಿ ಇಟ್ಟುಕೊಂಡಿತು. ಸಂಬಳ ತಿನ್ನುವ ಅಧ್ಯಾಪಕನು ಬೇಗಾರಿಯೆಂದು ನ್ಯಾಯಾಲಯದಲ್ಲಿ ವಾದಿಸಿದರೆ ಗೆಲ್ಲಲಾರೆವು, ಅದು ನಮಗೆ ಗೊತ್ತು. ಆದರೆ ಒಂದು ಕೆಲಸಕ್ಕೆ ಸಂಬಳ ಕೊಟ್ಟು ಎರಡನೆಯದನ್ನು ಅದರ ಬೆನ್ನಿಗೆ ಕಟ್ಟಿ, ಎರಡನೆಯದರಿಂದ ಮೊದಲನೆಯದು ಸತ್ತರೂ ಚಿಂತೆಯಿಲ್ಲವೆನ್ನುವ ಮನೋಧರ್ಮಕ್ಕೆ ಬಿಟ್ಟಿಯ ಹೊರತು ಬೇರೆ ಹೆಸರು ನಮ್ಮ ಭಾಷೆಯಲ್ಲಿಲ್ಲ.

ಇನ್ನೊಂದು ವಿಚಿತ್ರವನ್ನು ವಾಚಕರ ಮುಂದಿಡಬೇಕು. ಗೋವೆಯ ಶಾಲಾ ಅಧ್ಯಾಪಿಕೆಯೊಬ್ಬರು ತಮ್ಮನ್ನು ಕೆಲಸದಿಂದ ತೆಗೆದುದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದ್ದರು. ಅಂದಿಗಿದ್ದ 1947ರ ಕೈಗಾರಿಕಾ ವಿವಾದಗಳ ಕಾನೂನಿನ ಆಶ್ರಯ ತಮಗೂ ಸಿಗಬೇಕೆಂಬುದು ಅವರ ಬೇಡಿಕೆ. 1988ರಲ್ಲಿ ನ್ಯಾಯಾಲಯ ಹೇಳಿದುದೇನೆಂದರೆ: ಅಧ್ಯಾಪಕರು 'ಕಾರ್ಮಿಕ'ರಲ್ಲ, ವಿದ್ಯೆ ಕಲಿಸುವುದು ಕೈಕೆಲಸವಲ್ಲ, ಗುಮಾಸ್ತಿಕೆಯಲ್ಲ, ಅದೊಂದು ಉದಾತ್ತ ವೃತ್ತಿ. ಕೇಳುವುದಕ್ಕೆ ಎಷ್ಟು ಸೊಗಸು! ಹೀಗೆ ಉದಾತ್ತತೆಯ ಪೀಠದ ಮೇಲೆ ಕೂಡಿಸಿ ಕಾರ್ಮಿಕನಿಗಿದ್ದ ರಕ್ಷೆಯನ್ನು ಅಧ್ಯಾಪಕನಿಗೆ ಇಲ್ಲವೆನ್ನಲಾಯಿತು. ಪೀಠದಿಂದ ಇಳಿಸಿ ಕಚೇರಿಗೆ ಕರೆದುಕೊಂಡು ಹೋಗಿ ಅಕ್ಕಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಆಧಾರ್ ಸಂಖ್ಯೆ, ಬ್ಯಾಂಕು ಖಾತೆ, ಸಮವಸ್ತ್ರದ ಅಳತೆ ಬರೆಯಿಸುವವರು ಮಾತ್ರ ಬೇರೆ ಇದ್ದಾರೆ. ಗುಮಾಸ್ತನಲ್ಲವೆಂದು ಹಕ್ಕು ತಪ್ಪಿತು, ಗುಮಾಸ್ತನೆಂದು ಕೆಲಸ ಬಂತು. ಅತ್ತ ದರಿ, ಇತ್ತ ಪುಲಿ. ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಗುಮಾಸ್ತನೆಂಬ ಹುದ್ದೆಯೇ ಇಲ್ಲ. ಇದ್ದಿದ್ದರೆ ಈ ಲೇಖನದ ಅರ್ಧವನ್ನು ಬರೆಯಬೇಕಾಗಿರಲಿಲ್ಲ.

ಊಟದ ವಿಷಯವನ್ನು ಹೇಳಿ ಮುಂದೆ ಹೋಗುವೆವು. ಮಕ್ಕಳು ಉಣ್ಣಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರದ ಹಣ ಹೊತ್ತಿಗೆ ಬಾರದೆ, ಮುಖ್ಯೋಪಾಧ್ಯಾಯರು ತರಕಾರಿಯಂಗಡಿಯಲ್ಲಿಯೂ ಹಾಲಿನವನಲ್ಲಿಯೂ ಸಾಲ ಮಾಡಿ, ಕೈಯಿಂದ ಹಾಕಿ, ಕೊನೆಗೆ ತಾಳಲಾರದೆ 2023ರಲ್ಲಿ ಕೇರಳದ ಅಧ್ಯಾಪಕರ ಸಂಘಟನೆಯೊಂದು ಹೈಕೋರ್ಟಿಗೆ ಹೋಗಬೇಕಾಯಿತು. ಪಾಠ ಹೇಳಲು ಬಂದವನು ಸರ್ಕಾರಕ್ಕೇ ಸಾಲ ಕೊಡುವ ಸಾಹುಕಾರನಾದ ಕತೆ ಇದು.

ಇಷ್ಟೆಲ್ಲ ಕಷ್ಟ ದೇಶದ ಎಲ್ಲ ಅಧ್ಯಾಪಕರಿಗೂ ಇದ್ದುದೇ. ಗಡಿನಾಡಿನ ಕನ್ನಡ ಅಧ್ಯಾಪಕರಾದ ನಮಗೆ ವಿಶೇಷವೇನು? ವಿಶೇಷವಿದೆ, ಮತ್ತು ಈ ಪತ್ರಿಕೆಯಲ್ಲಿ ನಾವು ಬರೆಯಲು ಹೊರಟಿದ್ದು ಅದಕ್ಕಾಗಿಯೇ.

ಮಲಯಾಳ ಮಾಧ್ಯಮದ ದೊಡ್ಡ ಶಾಲೆಯಿಂದ ಒಬ್ಬ ಅಧ್ಯಾಪಕನನ್ನು ತೆಗೆದುಕೊಂಡು ಹೋದರೆ ಪಕ್ಕದ ತರಗತಿಯವನು ಆ ಹೊತ್ತನ್ನು ಹೇಗಾದರೂ ತುಂಬಿಸಿಯಾನು. ಇಲ್ಲವೆ ದಿನಗೂಲಿಗೆ ಒಬ್ಬನನ್ನು ಕರೆಯಬಹುದು. ನಮ್ಮಲ್ಲಿ ಹಾಗಲ್ಲ. ಕಾನೂನಿನ ಲೆಕ್ಕದಲ್ಲಿಯೇ ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಅಧ್ಯಾಪಕರೆಂದು ಕನಿಷ್ಠ ಪ್ರಮಾಣವಿದೆ. ಅಂಥ ಶಾಲೆಯಿಂದ ಒಬ್ಬರನ್ನು ಕರೆದರೆ ಅರ್ಧ ಶಾಲೆಯನ್ನೇ ಕರೆದಂತೆ. ಬದಲಿಗೆ ಬರುವವರಿಗೆ ಕನ್ನಡ ಬರುತ್ತದೆಯೆಂಬ ಭರವಸೆಯೂ ಇಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಅರಿಯದ ಅಧ್ಯಾಪಕರನ್ನು ಕಳುಹಿಸಿದ್ದನ್ನೂ, ಮಕ್ಕಳೂ ತಾಯಿತಂದೆಯರೂ ಶಾಲೆಯ ಮುಂದೆ ಕುಳಿತು ಪ್ರತಿಭಟಿಸಿದ್ದನ್ನೂ ಈ ಜಿಲ್ಲೆ ಕಂಡಿದೆ. ಖಾಯಂ ಹುದ್ದೆಗೇ ಹೀಗಿರುವಾಗ ಎರಡು ವಾರದ ಬದಲಿಗೆ ಯಾರನ್ನು ಹುಡುಕುತ್ತಾರೆ? ಹುಡುಕುವುದಿಲ್ಲ. ನಾಲ್ಕನೆಯ ತರಗತಿಯ ಹುಡುಗಿಯ ಕೈಗೆ ಸೀಮೆಸುಣ್ಣ ಕೊಡುತ್ತಾರೆ.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಕ್ಕ ಸೌಕರ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ನಮ್ಮ ಪಾಲಿಗೆ ಆ ಸೌಕರ್ಯವೆಂದರೆ ಕಟ್ಟಡವಲ್ಲ, ಬೆಂಚಲ್ಲ, ಕಂಪ್ಯೂಟರಲ್ಲ; ಕನ್ನಡ ಬಲ್ಲ ಒಬ್ಬ ಮನುಷ್ಯ. ಆ ಮನುಷ್ಯನನ್ನು ತರಗತಿಯಿಂದ ಎಬ್ಬಿಸಿದ ಗಳಿಗೆಯಲ್ಲಿ ಆ ಸೌಕರ್ಯ ಇಲ್ಲವಾಯಿತು. ಬಾಗಿಲ ಮೇಲಿನ ಹಲಗೆಯಲ್ಲಿ 'ಕನ್ನಡ ಶಾಲೆ' ಎಂದು ಬರೆದಿರುತ್ತದೆ, ಅಷ್ಟೆ. ತಾಯಿಯೊಬ್ಬಳು ಎರಡು ತಿಂಗಳು ಇದನ್ನು ನೋಡುತ್ತಾಳೆ. ಮೂರನೆಯ ತಿಂಗಳು ಮಗುವನ್ನು ವಾಹನಕ್ಕೆ ಹತ್ತಿಸಿ ಪೇಟೆಯ ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಾಳೆ. ಮರುವರ್ಷ ಮಕ್ಕಳ ಸಂಖ್ಯೆ ಸಾಲದೆಂದು ಹುದ್ದೆ ಹೋಗುತ್ತದೆ. ಆಗ ಎಲ್ಲರೂ, "ಕನ್ನಡಕ್ಕೆ ಮಕ್ಕಳೇ ಇಲ್ಲವಲ್ಲ, ಪಾಪ" ಎಂದು ನಿಟ್ಟುಸಿರು ಬಿಡುತ್ತಾರೆ.

ಕನ್ನಡ ಅಧ್ಯಾಪಕನಿಗೆ ಇನ್ನೊಂದು ಗುಪ್ತ ಹುದ್ದೆಯಿದೆ: ಭಾಷಾಂತರಕಾರ. ಇದನ್ನು ಯಾವ ನೇಮಕಾತಿ ಪತ್ರದಲ್ಲಿಯೂ ಕಾಣೆವು. ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ. ಅದನ್ನು ತಾಯಿತಂದೆಯರಿಗಾಗಿ ಕನ್ನಡಕ್ಕೆ ತಿರುಗಿಸುವವನು ಅಧ್ಯಾಪಕ. ಪಂಚಾಯತಿನಲ್ಲಿ ಪ್ರಕಟಣೆ ಹೊರಡಬೇಕೆ, ಅಧ್ಯಾಪಕನನ್ನು ಕರೆಯಿರಿ. ವಿಲ್ಲೇಜ್ ಆಫೀಸಿಗೆ ಕನ್ನಡದ ಅರ್ಜಿ ಬಂದಿದೆಯೆ, ಆ ಮಾಸ್ತರರನ್ನು ಹನ್ನೆರಡು ಗಂಟೆಗೆ ಬರಹೇಳಿರಿ. ನಮ್ಮಲ್ಲೊಬ್ಬರು ತರಬೇತಿಯ ಕೈಪಿಡಿಯ ತೊಂಬತ್ತು ಪುಟಗಳನ್ನು ಮೂರು ರಾತ್ರಿ ಕುಳಿತು ಕನ್ನಡಕ್ಕೆ ತಂದುಕೊಟ್ಟರು. ಅಚ್ಚಾದ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ, ಕೈಗೆ ಒಂದು ಪ್ರತಿಯೂ ಬರಲಿಲ್ಲ, ತಪ್ಪುಗಳಿವೆಯೆಂಬ ದೂರು ಮಾತ್ರ ಬಂತು. ಕನ್ನಡದ ಅಭಿಮಾನದಿಂದ ಮಾಡುವುದಲ್ಲವೆ ಎನ್ನುತ್ತಾರೆ. ಅಭಿಮಾನವೆಂಬುದು ನಮ್ಮ ಮೂಗುದಾರವಾಗಿದೆ. ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು 1969ರ ಕೇರಳದ ರಾಜಭಾಷಾ ಕಾನೂನಿನಲ್ಲಿ ಬರೆಯಲಾಯಿತು. ಹಾಗೆ ಬರೆದ ಮೇಲೆ ಆ ಕೆಲಸಕ್ಕೆ ಭಾಷಾಂತರಕಾರರನ್ನು ಸಾಕಷ್ಟು ನೇಮಿಸುವುದು ಕಚೇರಿಯ ಹೊಣೆ. ಅವರ ಸಂಬಳವನ್ನು ಉಳಿಸಿ, ಮಕ್ಕಳ ಪಾಠದ ಗಂಟೆಯಿಂದ ಆ ಕೆಲಸವನ್ನು ಕಡಿದುಕೊಳ್ಳುವುದು ಕನ್ನಡದ ಸೇವೆಯಾದೀತು ಹೇಗೆ? ಕನ್ನಡದ ಸುತ್ತೋಲೆಗಾಗಿ ಕನ್ನಡದ ತರಗತಿಯನ್ನು ಬಲಿ ಕೊಟ್ಟಂತಾಯಿತು.

ಹಿರಿಯರೊಬ್ಬರು ನಮ್ಮ ಮಾತನ್ನು ಕೇಳಿ ನಕ್ಕರು. "ಹಿಂದಿನ ಕಾಲದ ಮಾಸ್ತರರು ಊರಿನ ಕಾಗದವನ್ನೆಲ್ಲ ಬರೆದುಕೊಡುತ್ತಿದ್ದರು, ಪಂಚಾತಿಕೆ ಮಾಡುತ್ತಿದ್ದರು, ಅಂಚೆಯ ಚೀಲವನ್ನೂ ನೋಡಿಕೊಳ್ಳುತ್ತಿದ್ದರು, ರಾತ್ರಿ ತಾಳಮದ್ದಳೆಯಲ್ಲಿ ಅರ್ಥವನ್ನೂ ಹೇಳುತ್ತಿದ್ದರು. ಯಾರೂ ಕಲಮು ಎಣಿಸಲಿಲ್ಲ. ನೀವು ಈಗಿನವರು ಗಡಿಯಾರ ನೋಡುವವರು" ಎಂದರು. ಹಿರಿಯರ ಮಾತಿಗೆ ತಲೆಬಾಗಿಯೇ ಉತ್ತರ ಹೇಳುತ್ತೇವೆ. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಕವಿಗಳಾಗಿದ್ದರು, ಕೃಷಿಕರಾಗಿದ್ದರು, ಕಾಸರಗೋಡಿನ ಕನ್ನಡಕ್ಕಾಗಿ ಹೋರಾಡಿದವರಾಗಿದ್ದರು. ಅದನ್ನೆಲ್ಲ ಯಾವ ಮೇಲಧಿಕಾರಿ ಆಜ್ಞೆ ಹೊರಡಿಸಿ ಮಾಡಿಸಿದನು? ಊರ ಮುದುಕಿಯ ಕಾಗದವನ್ನು ಬರೆದುಕೊಡುವ ಮಾಸ್ತರನು ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದನು. ಬೇಡವೆನಿಸಿದರೆ "ನಾಳೆ ಬಾ, ಅಜ್ಜೀ" ಎನ್ನಬಹುದಾಗಿತ್ತು. 'ನಾಳೆ ಬಾ' ಎನ್ನುವ ಸ್ವಾತಂತ್ರ್ಯ ಇದ್ದುದರಿಂದಲೇ ಅದು ಸೇವೆಯಾಯಿತು. 2020ರ ಮಹಾಮಾರಿಯ ಕಾಲದಲ್ಲಿ ನಮ್ಮ ಜಿಲ್ಲೆಯ ಅಧ್ಯಾಪಕರು 'ಮಾಷ್' ಎಂಬ ಯೋಜನೆಯಲ್ಲಿ ವಾರ್ಡು ವಾರ್ಡು ತಿರುಗಿ ರೋಗ ತಡೆಯುವ ತಿಳುವಳಿಕೆ ಹೇಳಿದರು. ಶಾಲೆಗಳು ಮುಚ್ಚಿದ್ದವು, ನಾಡಿಗೆ ಆಪತ್ತು ಬಂದಿತ್ತು, ಹೋದೆವು. ಅದಕ್ಕಾಗಿ ಇಂದಿಗೂ ಯಾರೂ ಗೊಣಗಿದ್ದನ್ನು ನಾವು ಕೇಳಿಲ್ಲ. ಆಪತ್ತು ಹೋದ ಮೇಲೂ ಆಪತ್ತಿನ ಅಧಿಕಾರವನ್ನು ಬಿಟ್ಟುಕೊಡಲೊಲ್ಲದ ಕಚೇರಿಗಳ ಮೇಲೆ ನಮ್ಮ ಸಿಟ್ಟು.

ಕಾನೂನಿನ ಹೆಸರನ್ನೂ ಹೇಳದೆ ಮಾಡಿಸುವ ಕೆಲಸಗಳ ಇನ್ನೊಂದು ಜಾತಿಯಿದೆ; ಅದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಅಧಿಕಾರಿಯ ಮನೆಯ ಗೃಹಪ್ರವೇಶಕ್ಕೆ ಎಲೆ ಹಾಕುವುದು, ಅವರ ಮಗನ ಕಾಲೇಜಿನ ಪ್ರಬಂಧವನ್ನು ಬರೆದುಕೊಡುವುದು, ಶಾಲಾ ಮ್ಯಾನೇಜರರ ಮನೆಯ ಮದುವೆಯ ಕಾಗದ ಹಂಚುವುದು. 1958ರ ಕೇರಳ ವಿದ್ಯಾಭ್ಯಾಸ ಕಾನೂನು ಬಂದ ಮೇಲೆ ಅನುದಾನಿತ ಶಾಲೆಯ ಅಧ್ಯಾಪಕನಿಗೆ ಸಂಬಳವನ್ನು ಸರ್ಕಾರವೇ ನೇರವಾಗಿ ಕೊಡುತ್ತದೆ. ಮ್ಯಾನೇಜರರು ನೇಮಿಸುವವರೇ ಹೊರತು ಅನ್ನದಾತರಲ್ಲ. ಆದರೂ ನಮ್ಮಲ್ಲಿ ಹಲವರು ಅಡಿಕೆ ತೋಟದ ಒಕ್ಕಲಿನಂತೆ ಅವರ ಮುಂದೆ ನಿಲ್ಲುತ್ತಾರೆ. ಇದನ್ನು ಮಾಡೆನೆಂದು ಹೇಳುವುದಕ್ಕೆ ಯಾವ ಕಲಮೂ ಬೇಕಾಗಿಲ್ಲ.

ಇಲ್ಲಿ ನಮ್ಮನ್ನೂ ಸ್ವಲ್ಪ ನೋಡಿಕೊಳ್ಳೋಣ. ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳು ಮನಸ್ಸಿನಲ್ಲಿಯೇ ನಗುತ್ತಿರಬಹುದು. ಬೈಕು ತೊಳೆಯಲು, ಅಂಗಡಿಯಿಂದ ಎಲೆ ಅಡಿಕೆ ತರಲು, ಬೀಳುವ ಮಳೆಯಲ್ಲಿ ಬಸ್ಸು ಬಂತೇ ಎಂದು ನೋಡಿ ಬರಲು ತರಗತಿಯಿಂದ ಹುಡುಗರನ್ನು ಎಬ್ಬಿಸಿ ಕಳುಹಿಸಿದ ಅಧ್ಯಾಪಕರು ನಮ್ಮಲ್ಲಿ ಇಲ್ಲವೆ? ಅಡುಗೆಯಮ್ಮನ ಕೈಯಲ್ಲಿ ತಮ್ಮ ಬುತ್ತಿಯ ಡಬ್ಬಿಯನ್ನು ತೊಳೆಸಿಕೊಳ್ಳುವವರು ಇಲ್ಲವೆ? ಆಕೆ ಬಂದಿರುವುದು ಮಕ್ಕಳಿಗೆ ಬೇಯಿಸಿ ಹಾಕಲು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದಾಗಬಾರದು. ಮೇಲಿನವನು ನಮಗೆ ಮಾಡಿದುದನ್ನು ನಾವು ಕೆಳಗಿನವರಿಗೆ ಮಾಡುತ್ತಿರುವವರೆಗೆ ನಮ್ಮ ದೂರಿಗೆ ಬಲ ಬಾರದು. ಈ ವಾಕ್ಯವನ್ನು ತೆಗೆದುಹಾಕಿರೆಂದು ನಮ್ಮ ಮಿತ್ರರೊಬ್ಬರು ಕೇಳಿಕೊಂಡರು, ತೆಗೆಯಲಿಲ್ಲ.

ಹಾಗಾದರೆ ಮಾಡತಕ್ಕುದೇನು? "ಇದು ನನ್ನ ಕೆಲಸವಲ್ಲ" ಎಂದು ಎದ್ದು ನಡೆಯಿರೆಂದು ತರುಣ ಅಧ್ಯಾಪಕರಿಗೆ ನಾವು ಹೇಳಲಾರೆವು. ಬಡವನ ಕೋಪ ದವಡೆಗೆ ಮೂಲ. ಮತದಾರರ ಪಟ್ಟಿಯ ಕೆಲಸದಲ್ಲಿ ಕಾರಣವಿಲ್ಲದೆ ಕರ್ತವ್ಯಲೋಪ ಮಾಡಿದವರಿಗೆ 1950ರ ಜನಪ್ರಾತಿನಿಧ್ಯ ಕಾನೂನಿನ 32ನೆಯ ಕಲಮಿನಲ್ಲಿ ಮೂರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಸೆರೆಮನೆ ಮತ್ತು ದಂಡ ಕಾದಿದೆ. ಜನಗಣತಿಯನ್ನು ನಿರಾಕರಿಸುವವರಿಗೂ 1948ರ ಜನಗಣತಿ ಕಾನೂನಿನಲ್ಲಿ ಶಿಕ್ಷೆಯುಂಟು. ಆದುದರಿಂದ ಮೊದಲು ಆಜ್ಞೆಯನ್ನು ಬರವಣಿಗೆಯಲ್ಲಿ ಕೇಳಿರಿ. ಕೇಂದ್ರ ಸರ್ಕಾರದ ನೌಕರರಿಗಾಗಿ 1964ರಲ್ಲಿ ಮಾಡಿದ ನಡತೆಯ ನಿಯಮಗಳಲ್ಲಿ, ಮೇಲಧಿಕಾರಿಯ ಆಜ್ಞೆ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಬಾಯಲ್ಲಿ ಹೇಳಿದ್ದನ್ನು ಆದಷ್ಟು ಬೇಗನೆ ಲಿಖಿತವಾಗಿ ದೃಢಪಡಿಸಬೇಕು ಎಂದಿದೆ. ನಿಯಮ ಅವರದಾದರೂ ವಿವೇಕ ಎಲ್ಲರದು. ಬಾಯಿಮಾತಿನಲ್ಲಿ ಸಿಂಹದಂತಿರುವ ಆಜ್ಞೆ ಕಾಗದದ ಮೇಲೆ ಬರಬೇಕೆಂದಾಗ ಬೆಕ್ಕಾಗುವುದನ್ನು ನಾವು ಹಲವು ಸಲ ಕಂಡಿದ್ದೇವೆ. ಮ್ಯಾನೇಜರರ ಮದುವೆಯ ಕಾಗದ ಹಂಚಿರೆಂಬ ಆಜ್ಞೆಗೆ ಯಾರು ರುಜು ಹಾಕುತ್ತಾರೆ? ಕಾಗದ ಬಂದಾಗ, ಅದು ಯಾವ ಕಾನೂನಿನ ಯಾವ ಕಲಮಿನ ಕೆಳಗೆ, ಪಾಠದ ಹೊತ್ತಿನಲ್ಲಿಯೋ ಹೊರಗೋ, ತನ್ನ ತರಗತಿಗೆ ಕನ್ನಡ ಬಲ್ಲ ಬದಲಿ ಯಾರು ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಬರೆದು ಕೇಳಿರಿ. ಉತ್ತರ ಬಾರದಿದ್ದರೂ ಕೆಲಸಕ್ಕೆ ಹೋಗಿರಿ; ಪ್ರತಿಯನ್ನು ಮಾತ್ರ ಇಟ್ಟುಕೊಂಡಿರಿ.

ಇನ್ನೊಂದು ದಾರಿಯಿದೆ, ಅದು ನಮ್ಮ ದಾರಿಯಲ್ಲ, ತಾಯಿತಂದೆಯರದು. ಶಿಕ್ಷಣ ಹಕ್ಕಿನ ಕಾನೂನಿನಲ್ಲಿಯೂ ಒಂದು 32ನೆಯ ಕಲಮಿದೆ. ಮಗುವಿನ ಹಕ್ಕಿಗೆ ಕುಂದು ಬಂದಿದೆಯೆಂದು ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಇಬ್ಬರ ಮಾತನ್ನೂ ಕೇಳಿ ಮೂರು ತಿಂಗಳೊಳಗೆ ಅದನ್ನು ತೀರ್ಮಾನಿಸಬೇಕು. ತೃಪ್ತಿಯಾಗದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಅಧ್ಯಾಪಕ ಬಾಯಿ ತೆರೆದರೆ ಸೋಮಾರಿಯೆನ್ನುತ್ತಾರೆ. "ನನ್ನ ಮಗುವಿಗೆ ನವೆಂಬರಿನಲ್ಲಿ ಹದಿನಾಲ್ಕು ದಿನ ಪಾಠವಾಗಲಿಲ್ಲ" ಎಂದು ಬೀಡಿ ಕಟ್ಟುವ ತಾಯಿಯೊಬ್ಬಳು ಕನ್ನಡದಲ್ಲಿ ಬರೆದು ಕೊಟ್ಟರೆ ಅವಳನ್ನು ಏನೆನ್ನುತ್ತಾರೆ? ಒಂದು 32ನೆಯ ಕಲಮು ಅಧ್ಯಾಪಕನನ್ನು ಹೆದರಿಸುತ್ತದೆ, ಇನ್ನೊಂದು ಮಗುವನ್ನು ಕಾಯುತ್ತದೆ. ಎರಡನೆಯದನ್ನು ಯಾರೂ ಊರಿನವರಿಗೆ ಓದಿ ಹೇಳಿಲ್ಲ. ಶಾಲೆಯ ರಕ್ಷಕರ ಸಭೆಯಲ್ಲಿ ಓದಿ ಹೇಳುವುದು ನಮ್ಮ ಕರ್ತವ್ಯವೇ. 24ನೆಯ ಕಲಮು ತಾಯಿತಂದೆಯರೊಡನೆ ಮಾತನಾಡಬೇಕೆಂದು ಹೇಳಿದೆಯಷ್ಟೆ.

ಜನಗಣತಿ ಬಾಗಿಲಲ್ಲಿದೆ. ಮನೆಪಟ್ಟಿಯ ಕೆಲಸಕ್ಕೆ 2026ರ ಏಪ್ರಿಲಿನಿಂದ ಸೆಪ್ಟೆಂಬರವರೆಗಿನ ಕಾಲವನ್ನೂ, ಜನರ ಎಣಿಕೆಗೆ 2027ರ ಫೆಬ್ರವರಿಯನ್ನೂ ಸರ್ಕಾರ ಗೊತ್ತುಪಡಿಸಿದೆ. ಇದು ಕಾನೂನು ಒಪ್ಪಿದ ಕೆಲಸ, ಮಾಡುತ್ತೇವೆ. ನಮ್ಮ ಜನರ ಮಾತೃಭಾಷೆ ಕನ್ನಡವೆಂದು ಸರಿಯಾಗಿ ದಾಖಲಾಗಬೇಕಾದರೆ ನಾವೇ ಮಾಡುವುದು ಒಳ್ಳೆಯದು ಕೂಡ. ಆದರೆ ಫೆಬ್ರವರಿಯೆಂದರೆ ಪರೀಕ್ಷೆಯ ಹೊಸ್ತಿಲು. ಯಾವ ಶಾಲೆಯಿಂದ ಯಾರು ಹೋಗುತ್ತಾರೆ, ಅವರ ತರಗತಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಅದಕ್ಕಾಗಿ ಸಂಘದ ವತಿಯಿಂದ ಒಂದು ಸಣ್ಣ ಏರ್ಪಾಡು ಮಾಡಿದ್ದೇವೆ. ಪ್ರತಿಯೊಬ್ಬ ಅಧ್ಯಾಪಕರೂ ನೂರು ಪುಟದ ಒಂದು ನೋಟುಪುಸ್ತಕವನ್ನು ಇಟ್ಟುಕೊಂಡು, ಪಾಠವಲ್ಲದ ಕೆಲಸಕ್ಕೆ ಹೋದ ದಿನಾಂಕ, ಹೊತ್ತು, ಕರೆದವರ ಹುದ್ದೆ, ಲಿಖಿತವೋ ಬಾಯಿಮಾತೋ, ಆ ಹೊತ್ತಿನಲ್ಲಿ ತರಗತಿಯಲ್ಲಿ ಏನು ನಡೆಯಿತು ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆಯಬೇಕು. ಹೆಸರುಗಳು ಬೇಡ. ತಿಂಗಳ ಕೊನೆಯ ಶನಿವಾರ ಸಂಜೆ ನಮ್ಮ ಓದುಮನೆಯಲ್ಲಿ ಅವುಗಳನ್ನು ಒಟ್ಟುಗೂಡಿಸಿ, ಕಳೆದುಹೋದ ಪಾಠದ ಗಂಟೆಗಳನ್ನು ಶಾಲೆ ಶಾಲೆಯಾಗಿ ಕೂಡಿ ಈ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಏಳರ ಮಗ್ಗಿ ಹೇಳಿಸುತ್ತಿದ್ದ ಹುಡುಗಿಯ ಶಾಲೆಯ ಪುಸ್ತಕ ಈಗಾಗಲೇ ಬಂದಿದೆ. ಮೊದಲ ಪುಟ ತುಂಬಿದೆ.